ಗೇಟಿನ ಪೆಟ್ಟಿಗೆಯ ಖಾಲಿ ಬೈಟುಗಳು

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲೆ ನಮ್ಮ ಕಂಪನಿಯ ಆಫೀಸಿತ್ತು. ಆ ಮಧ್ಯಾಹ್ನ ಮೇಜಿನ ಸುತ್ತ ನಾಲ್ಕು ಮಂದಿ ಕೂತಿದ್ದೆವು. ಕಿಟಕಿಗೆ ಬೆನ್ನು ಮಾಡಿ ರಘುವೀರ ಸಾಹೇಬರು. ಹೈದರಾಬಾದಿನ ಮುಖ್ಯ ಆಫೀಸಿನಿಂದ ನಮ್ಮ ಮೇಲಧಿಕಾರಿಯಾಗಿ ಬಂದವರು. ಅವರೆದುರು ರೇಣುಕಾ, ಸುರಪುರ ತಾಲೂಕಿನ ಹುಡುಗಿ, ತಂದೆ ಶಾಲೆಯೊಂದರಲ್ಲಿ ಜವಾನ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿದ್ದರೂ ಇನ್ನೂ ಕಾಯಂ ಆಗಿರಲಿಲ್ಲ. ಬಾಗಿಲ ಬದಿಗೆ ಖಾದರ್ ಭಾಯ್. ಕಾಲುವೆ ಗೇಟುಗಳಿಗೆ ನಮ್ಮ ಪೆಟ್ಟಿಗೆ ಕೂಡಿಸುವುದು, ಕೆಟ್ಟರೆ ಬಿಚ್ಚಿ ತರುವುದು ಅವರ ಕೆಲಸ. ನಾಲ್ಕನೆಯವನು ನಾನು, ಆ ಪೆಟ್ಟಿಗೆಯ ಒಳಗಿನ ಪ್ರೋಗ್ರಾಮಿನ ಹೊಣೆ ಹೊತ್ತವನು.

"ಪೆಟ್ಟಿಗಿ ಮಕ್ಕೊಳ್ಳಾಕತ್ತಾವ್ರಿ ಸಾಹೇಬ್ರ," ಎಂದರು ಖಾದರ್ ಭಾಯ್. "ಹುಣಸಗಿ ಕಡಿ ಮುಂಜಾನಿ ಚಾಲೂ ಮಾಡಿ ಬಂದ್ರ ಮಧ್ಯಾಹ್ನಕ್ಕ ಸಪ್ಪಳಿಲ್ಲ. ಗೇಟಿನ ಮಲ್ಲಪ್ಪ ನಗತಾನ. ನಿಮ್ಮ ಪೆಟ್ಟಿಗಿಗಿ ನನಕಿಂತ ಜಲ್ದಿ ನಿದ್ದಿ ಬರ್ತದಲ್ಲೋ ಅಂತಾನ."

ಸಾಹೇಬರು ನಗಲಿಲ್ಲ. "ಮೆಮೊರಿ ಸಾಲ್ತಾ ಇಲ್ಲ. ಹೊಸ ಪೆಟ್ಟಿಗೆ ಕೊಡೋಕೆ ಆಗಲ್ಲ. ಇದ್ದದ್ದರಲ್ಲೇ ಜಾಗ ಮಾಡಿ, ಕಾಲುವೆಗೆ ನೀರು ಬಿಡೋದರೊಳಗೆ," ಎಂದರು. ಆಮೇಲೆ ರೇಣುಕಾ ಕಡೆ ತಿರುಗಿ, "ನೀನು ಮಾಡು. ಇದು ಆಗಲಿ, ನಿನ್ನ ಕಾಯಂ ಆರ್ಡರಿಗೆ ಸಹಿ ಹಾಕ್ತೀನಿ," ಎಂದರು.

ರೇಣುಕಾ ತಲೆಯಾಡಿಸಿದಳು. ಮೆಟ್ಟಿಲಿಳಿಯುವಾಗ ನನಗೆ ಮಾತ್ರ ಕೇಳುವಂತೆ, "ಸರ್, ಅಪ್ಪಗ ಇವತ್ತ ಹೇಳ್ಲೋ, ಸಹಿ ಆದಮ್ಯಾಲ ಹೇಳ್ಲೋ?" ಎಂದಳು. ಸಹಿ ಆದಮೇಲೆ ಹೇಳು ಯವ್ವಾ, ಎಂದೆ. ಆ ಮನುಷ್ಯನನ್ನು ನಾನು ಆಗಲೇ ಅಷ್ಟು ಬಲ್ಲವನಾಗಿದ್ದೆ.

ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳು ಈಗ ಸುರಪುರದ ನನ್ನ ಮನೆಗೆ ಬಂದು, ನಿಮ್ಮ ಅನುಭವ ಹೇಳಿ ಎನ್ನುತ್ತಾರೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದರಿಂದ ಅವರಿಗೇನೂ ಉಪಯೋಗವಿಲ್ಲ. ಈ ಒಂದು ಕೆಲಸ ಹೇಗಾಯಿತು, ಹೇಗೆ ಕೆಟ್ಟಿತು ಎಂದು ಹೇಳಿದರೆ ಉಳಿದದ್ದು ತಾನೇ ತಿಳಿಯುತ್ತದೆ.

ನಮ್ಮ ಪೆಟ್ಟಿಗೆ ಎಂದರೆ ಊಟದ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರ್. ಅದು ನೀರಿನ ಮಟ್ಟ ಓದಬೇಕು, ಗೇಟು ಎಷ್ಟು ಎದ್ದಿದೆ ನೋಡಬೇಕು, ಮೋಟಾರು ನಡೆಸಬೇಕು, ಮೇಲಿನ ಗೇಟಿನ ಸಂದೇಶವನ್ನು ಕೆಳಗಿನ ಗೇಟಿಗೆ ದಾಟಿಸಬೇಕು. ಈ ಎಲ್ಲ ಕೆಲಸಗಳಿಗೆ ಸರದಿಯನ್ನೂ ಜಾಗವನ್ನೂ ಹಂಚಿಕೊಡುವ ಬುಡದ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರೆ. ನನ್ನ ದುಡಿಮೆಯ ವರ್ಷಗಳೆಲ್ಲ ಅದರೊಳಗೇ ಹೋದವು. ಅದು ಸರಿಯಾಗಿ ನಡೆಯುವಷ್ಟು ದಿನ ಅಂಥದ್ದೊಂದಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ನಿಂತ ದಿನ ಎಲ್ಲರೂ ನಿಮ್ಮ ಹೆಸರು ಕೇಳುತ್ತಾರೆ.

ಮೆಮೊರಿಯ ಒಂದೊಂದು ಚೌಕಕ್ಕೆ ಬೈಟು ಎನ್ನುತ್ತಾರೆ, ಅದನ್ನು ಓದುವ ಪ್ರೊಸೆಸರಿಗೆ ಒಂದು ಹಟವಿದೆ. ನಾಲ್ಕು ಬೈಟಿನ ಸಂಖ್ಯೆಯಾದರೆ ನಾಲ್ಕರ ಗೆರೆಯ ಮೇಲೇ, ಅಂದರೆ ನಾಲ್ಕು, ಎಂಟು, ಹನ್ನೆರಡು ಹೀಗೆ, ಶುರುವಾಗಬೇಕು, ಎಂಟು ಬೈಟಿನದಾದರೆ ಎಂಟರ ಗೆರೆಯ ಮೇಲೆ. ಹಾಗಾಗಿ ಮೊದಲು ಒಂದು ಬೈಟಿನ ಸಣ್ಣ ಗುರುತು ಇಟ್ಟು ಅದರ ಹಿಂದೆ ಎಂಟು ಬೈಟಿನ ಸಮಯ ಇಟ್ಟರೆ ನಡುವೆ ಏಳು ಬೈಟು ಖಾಲಿ ಬೀಳುತ್ತವೆ. ಬರೆದವರ ಕಣ್ಣಿಗೆ ಅವು ಕಾಣುವುದಿಲ್ಲ, ಅಲ್ಲಿ ಬೇರೆ ಯಾರನ್ನೂ ಕೂಡಿಸಲಿಕ್ಕೂ ಬರುವುದಿಲ್ಲ.

ನನ್ನ ಮುತ್ಯಾ, ಅಂದರೆ ಅಜ್ಜ, ಶಿರವಾಳದಲ್ಲಿ ಗೌಂಡಿಯಾಗಿದ್ದ. ನನಗೆ ಮಾತು ಕಲಿಸಿದವನು ಅವನೇ. ಅಪ್ಪನದು ಮಾತು ಕಡಿಮೆ, ಬೈಗುಳ ಹೆಚ್ಚು. ಕಲ್ಲಿನ ಗೋಡೆ ಕಟ್ಟುವಾಗ ಮುತ್ಯಾ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೇಳುತ್ತಿದ್ದ: "ದೊಡ್ಡ ಕಲ್ಲಿಗಿ ಮೊದ್ಲ ಜಾಗಾ ಕೊಡಪಾ. ಸಣ್ಣವು ಗೋಣು ಬಗ್ಗಿಸಿ ಎಲ್ಲಿ ಬೇಕಾದಲ್ಲಿ ಕುಂದರ್ತಾವ. ಸಣ್ಣವಕ್ಕ ಮೊದ್ಲ ಕುಂದ್ರಿಸಿದಿ ಅಂದ್ರ ದೊಡ್ಡದು ನಿಂತಲ್ಲೇ ನಿಂತಿರ್ತದ, ನಿನ್ನ ಮಾರಿ ನೋಡ್ಕೋತ." ಮುಂದೆ ಹೈದರಾಬಾದಿನಲ್ಲಿ ಕೆಲಸ ಕಲಿಯುವಾಗ ಇದನ್ನೇ ಇಂಗ್ಲಿಷಿನಲ್ಲಿ ಹೇಳಿಕೊಟ್ಟರು. ಮುತ್ಯಾ ಹೇಳಿದಷ್ಟು ಚೆಂದ ಹೇಳಲಿಲ್ಲ.

ಅಲ್ಲಿ ನನ್ನ ಮೊದಲ ಮೇಲಧಿಕಾರಿ ಶಾಂತಾ ಮೇಡಂ. ಕೋಡು ಬರೆಯುವ ಮೊದಲು ಚೌಕಗಳ ಕಾಗದದ ಮೇಲೆ ಮೆಮೊರಿಯ ಚಿತ್ರ ಬಿಡಿಸಬೇಕು ಎಂಬುದು ಅವರ ಕಟ್ಟುನಿಟ್ಟು. ಖಾಲಿ ಬಿದ್ದ ಚೌಕಗಳ ಮೇಲೆ ಕೆಂಪು ಪೆನ್ಸಿಲ್ ಎಳೆದು, "ಈ ಖೋಲಿಗೆ ಬಾಡಿಗೆ ನಿಮ್ಮಪ್ಪ ಕಟ್ತಾನಾ?" ಎಂದು ಕೇಳುತ್ತಿದ್ದರು. ಅಪ್ಪನ ಹೆಸರೆತ್ತಿದ್ದಕ್ಕೆ ಸಿಟ್ಟು ಬರುತ್ತಿತ್ತು, ಆದರೆ ಕೆಲಸ ಕಲಿತೆವು. ಆಮೇಲೆ ಮೆಮೊರಿ ಅಗ್ಗವಾಯಿತು. ಚೌಕದ ಕಾಗದ ಹೋಯಿತು, ಶಾಂತಾ ಮೇಡಮ್ಮೂ ಹೋದರು. ಖಾಲಿ ಜಾಗಕ್ಕೆ ಬಾಡಿಗೆ ಕೇಳುವವರು ಯಾರೂ ಉಳಿಯಲಿಲ್ಲ.

ಹೀಗೆ ಒಟ್ಟಿಗೆ ಜೋಡಿಸಿಟ್ಟ ಸಂಖ್ಯೆಗಳ ಕಟ್ಟಿಗೆ ಸ್ಟ್ರಕ್ಚರ್ ಎನ್ನುತ್ತಾರೆ. ಈಗ ಯಾವ ಸ್ಟ್ರಕ್ಚರಿನಲ್ಲಿ ಎಲ್ಲೆಲ್ಲಿ ಇಂಥ ಖಾಲಿ ತೂತುಗಳಿವೆ ಎಂದು ತೋರಿಸುವ ಉಪಕರಣವೇ ಇದೆ. ರೇಣುಕಾ ಅದನ್ನು ಓಡಿಸಿ, ಬಂದ ಪಟ್ಟಿಯಲ್ಲಿ ಒಂದು ಅಂಕಿಯ ಮೇಲೆ ಬೆರಳಿಟ್ಟಳು.

"ಸರ್, ತೂತು ಇರ್ಲಿ. ಈ ಅರವತ್ನಾಲ್ಕು ಯಾಕದ್ರಿ?"

ಕರ್ನಲ್ಲಿನ ತಲೆಯ ಮೇಲೆ ಒಂದು ಸಾಲಿತ್ತು. ಮೆಮೊರಿಯಲ್ಲಿ ಏನೇ ಇಟ್ಟರೂ ಅರವತ್ನಾಲ್ಕರ ಗೆರೆಯ ಮೇಲೇ ಇಡಬೇಕು ಎಂದು ಹೇಳುವ ಸಾಲು. ಅಂದರೆ ಹತ್ತು ಬೈಟಿನ ವಸ್ತುವೂ ಅರವತ್ನಾಲ್ಕು ಬೈಟಿನ ಖೋಲಿ ಹಿಡಿದು ಕೂರುತ್ತದೆ. ಹಲವು ಪ್ರೊಸೆಸರುಗಳಿರುವ ದೊಡ್ಡ ಯಂತ್ರಗಳಲ್ಲಿ ಇದಕ್ಕೆ ಅರ್ಥವಿದೆ: ಎರಡು ಪ್ರೊಸೆಸರುಗಳು ಒಂದೇ ಖೋಲಿಗೆ ಕೈ ಹಾಕಿ ಕಿತ್ತಾಡಬಾರದು ಎಂದು ದೂರ ದೂರ ಇಡುತ್ತಾರೆ. ನಮ್ಮ ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ ಪ್ರೊಸೆಸರು. ಈ ಕರ್ನಲ್ಲಿನ ಮೊದಲ ಪ್ರತಿ ತಯಾರಿಸಿದ ಹೈದರಾಬಾದಿನವರು ಆ ಸಾಲನ್ನು ಯಾವುದೋ ದೊಡ್ಡ ಯಂತ್ರದ ಕೋಡಿನಿಂದ ಎತ್ತಿ ತಂದಿದ್ದರು.

ನಾನು ಇಷ್ಟು ಹೇಳಿ ಮುಗಿಸುವುದರೊಳಗೆ ರೇಣುಕಾ ನಗತೊಡಗಿದ್ದಳು. "ಒಬ್ಬಾಕಿ ಇರೋ ಮನ್ಯಾಗ ಅಣ್ತಮ್ಮರ ಜಗಳ ಆಗಬಾರ್ದಂತ ಗ್ವಾಡಿ ಹಾಕ್ಯಾರಲ್ರಿ ಸರ್."

ಆ ಸಾಲು ಬಿಚ್ಚಿದಳು. ಆಮೇಲೆ ಒಂದೊಂದೇ ಸ್ಟ್ರಕ್ಚರ್ ಹಿಡಿದು, ದೊಡ್ಡದನ್ನು ಮೊದಲು, ಸಣ್ಣದನ್ನು ಕೊನೆಗೆ ಇಡುತ್ತ ಬಂದಳು. ಸಂದೇಶದ ಸ್ಟ್ರಕ್ಚರ್ ನಲವತ್ತು ಬೈಟು ಇದ್ದದ್ದು ಮೂವತ್ತೆರಡಕ್ಕೆ ಇಳಿಯಿತು. ನಮ್ಮ ಕರ್ನಲ್ ಜಾಗ ಕೊಡುತ್ತಿದ್ದದ್ದು ಹದಿನಾರು, ಮೂವತ್ತೆರಡು, ಅರವತ್ನಾಲ್ಕು ಹೀಗೆ ಅಳತೆ ಮಾಡಿಟ್ಟ ತುಂಡುಗಳಲ್ಲಿ. ನಲವತ್ತಕ್ಕೆ ಅರವತ್ನಾಲ್ಕರ ತುಂಡು ಬೇಕಾಗುತ್ತಿತ್ತು, ಈಗ ಮೂವತ್ತೆರಡರದೇ ಸಾಕಾಯಿತು. "ಎಂಟು ಉಳಿಸೀನಿ, ಮೂವತ್ತೆರಡು ಉಳದಾವ್ರಿ," ಎಂದು ಖಾದರ್ ಭಾಯ್‌ಗೆ ಹೇಳಿದಳು. ಅವರು, "ಹಂಗಾರ ನನ್ನ ಭತ್ತೆದ ಲೆಕ್ಕಾನೂ ನೀನ ಮಾಡವ್ವಾ," ಎಂದರು.

ಅವಳ ಕೆಲಸದ ರೀತಿಯನ್ನು ಹೊಸಬರು ಗಮನಿಸಬೇಕು. ಒಂದು ಸ್ಟ್ರಕ್ಚರ್ ಬದಲಿಸುವಳು. ಅದನ್ನು ಖಾದರ್ ಭಾಯ್ ಕೈಯಲ್ಲಿ ಹುಣಸಗಿಯ ಗೇಟಿಗೆ ಕಳಿಸುವಳು. ಅಲ್ಲಿನ ಹಳೆಯ ಪೆಟ್ಟಿಗೆಯಲ್ಲಿ ಕೆಲವು ದಿನ ಓಡಿದ ಮೇಲೆ ಮುಂದಿನದಕ್ಕೆ ಕೈ ಹಾಕುವಳು. ಆಫೀಸಿನ ಮೇಜಿನ ಮೇಲಿನ ಪರೀಕ್ಷೆಯ ಬೋರ್ಡನ್ನು ಅವಳು ನಂಬುತ್ತಿರಲಿಲ್ಲ. ಅದರಲ್ಲಿದ್ದದ್ದು ಹೊಸ ಪ್ರೊಸೆಸರ್ ಚಿಪ್ಪು, ಗೇಟುಗಳಲ್ಲಿದ್ದದ್ದು ಹಳೆಯದು. ಕೆಲಸ ಅರ್ಧಕ್ಕೆ ಬರುವಷ್ಟರಲ್ಲೇ ಹುಣಸಗಿಯ ಪೆಟ್ಟಿಗೆ ಮಲಗುವುದನ್ನು ಬಿಟ್ಟಿತು.

ಆದರೆ ಸಾಹೇಬರು ಮುಖ್ಯ ಆಫೀಸಿನವರಿಗೆ ಪರದೆಯ ಮೇಲೆ ಒಂದು ದೊಡ್ಡ ಅಂಕಿ ತೋರಿಸಬೇಕಾಗಿತ್ತು. ಅರ್ಧ ಕೆಲಸದ ಅಂಕಿ ಅವರಿಗೆ ಸಾಲಲಿಲ್ಲ. ಯಾವುದೋ ವೀಡಿಯೋ ನೋಡಿ, 'ಪ್ಯಾಕ್ಡ್' ಎಂಬ ಒಂದು ಪದ ಸೇರಿಸಿದರೆ ಎಲ್ಲ ತೂತುಗಳೂ ಒಮ್ಮೆಲೇ ಮುಚ್ಚುತ್ತವೆ ಎಂದು ಕಂಡುಕೊಂಡಿದ್ದರು. ಮುಚ್ಚುತ್ತವೆ, ಸುಳ್ಳಲ್ಲ. ಆದರೆ ಆಗ ಸಂಖ್ಯೆಗಳು ತಮ್ಮ ಗೆರೆ ಬಿಟ್ಟು ಎಲ್ಲೆಂದರಲ್ಲಿ ಕೂರುತ್ತವೆ. ಹೊಸ ಚಿಪ್ಪು ಅಂಥದ್ದನ್ನೂ ಹೇಗೋ ಓದಿಕೊಳ್ಳುತ್ತದೆ. ಹಳೆಯ ಚಿಪ್ಪು ಓದುವುದಿಲ್ಲ, ಅಲ್ಲೇ ಬಿದ್ದು ಮತ್ತೆ ಮೊದಲಿನಿಂದ ಏಳುತ್ತದೆ. ನಾನು ಇದನ್ನು ಸಾಹೇಬರಿಗೆ ಎರಡು ಸಲ ಬಿಡಿಸಿ ಹೇಳಿದ್ದೆ. "ನೀವು ಹಳಬರು, ನಿಮಗೆ ಹೊಸದು ಅಂದ್ರೆ ಭಯ," ಎಂದಿದ್ದರು.

ಅದನ್ನು ಸೇರಿಸಲು ಅವರು ಆರಿಸಿಕೊಂಡದ್ದು ನಾನು ಖಾದರ್ ಭಾಯ್ ಜೊತೆ ಹುಣಸಗಿಗೆ ಹೋದ ದಿನವನ್ನು. ಆಫೀಸಿನಲ್ಲಿ ನಡೆದದ್ದನ್ನು ರೇಣುಕಾ ನನಗೆ ಮರುದಿನ ಹೇಳಿದಳು. ಸಾಹೇಬರು ಅವಳ ಕುರ್ಚಿಯ ಹಿಂದೆ ಬಂದು ನಿಂತರಂತೆ.

"ಸರ್, ಗೇಟಿನಾಗಿರೋದು ಹಳೀ ಚಿಪ್ಪು. ನಿಂತಬಿಡ್ತದ್ರಿ."

"ಮೇಜಿನ ಮೇಲೆ ಓಡ್ತಾ ಇದೆಯಲ್ಲ?"

"ಅದು ಹೊಸಾದ್ರಿ. ನಮ್ಮ ಸರ್ ಸಂಜಿಗಿ ಹುಣಸಗಿಂದ ಬರ್ತಾರ. ಅಲ್ಲೀ ತನಕ ಬ್ಯಾಡ್ರಿ."

"ನಿನ್ನ ಆರ್ಡರ್ ನನ್ನ ಮೇಜಿನ ಮೇಲಿದೆ. ಅದಕ್ಕೆ ಬೇಕಾದ್ದು ಯಾರ ಸಹಿ? ನಿಮ್ಮ ಸರ್‌ದಾ, ನನ್ನದಾ?"

ಅವಳು ಸ್ವಲ್ಪ ಹೊತ್ತು ಕೈ ತೊಡೆಯ ಮೇಲಿಟ್ಟುಕೊಂಡು ಕೂತಳಂತೆ. ಆಮೇಲೆ ಬರೆದಳು. ಸಾಹೇಬರಿಗೆ ಕೋಡು ಬದಲಿಸುವ ಲಾಗಿನ್ ಇರಲಿಲ್ಲ. ಬದಲಾವಣೆ ಯಾರ ಲಾಗಿನ್‌ನಿಂದ ಹೋಗುತ್ತದೋ ಅವರ ಹೆಸರು ಅದರ ಮೇಲೆ ಕೂರುತ್ತದೆ. ಮೊಬೈಲ್ ಸಿಗ್ನಲ್ ಮೂಲಕ ಎಲ್ಲ ಗೇಟುಗಳಿಗೂ ಅದು ಒಮ್ಮೆಲೇ ಹೋಯಿತು.

ಇತ್ತ ಹುಣಸಗಿಯಲ್ಲಿ ಕಾಲುವೆಗೆ ಆಗತಾನೆ ನೀರು ಬಂದಿತ್ತು. ಗೇಟು ನೋಡಿಕೊಳ್ಳುವ ಮಲ್ಲಪ್ಪ, ಐವತ್ತು ದಾಟಿದ ಕಟ್ಟುಮಸ್ತಾದ ಮನುಷ್ಯ, ನಮಗೆ ಚಹಾ ತರಿಸಿದ್ದ. ಗೇಟು ಮೇಲೇಳತೊಡಗಿತು. ಅರ್ಧಕ್ಕೆ ನಿಂತಿತು. ಪೆಟ್ಟಿಗೆಯ ದೀಪ ಆರಿ ಹತ್ತಿತು. ಗೇಟು ಕೆಳಗಿಳಿದು ನೆಲ ಮುಟ್ಟಿ, ತಾನು ಎಷ್ಟು ಎತ್ತರದಲ್ಲಿದ್ದೆನೆಂದು ಮರೆತಂತೆ ಮತ್ತೆ ಮೊದಲಿನಿಂದ ಎದ್ದಿತು. ಮತ್ತೆ ಅರ್ಧಕ್ಕೆ ನಿಂತಿತು, ಮತ್ತೆ ಇಳಿಯಿತು.

ಖಾದರ್ ಭಾಯ್ ಚಹಾದ ಲೋಟ ಕೆಳಗಿಟ್ಟರು. "ಗೇಟು ಬಸ್ಕಿ ಹೊಡ್ಯಾಕತ್ತದಲ್ರಿ ಸರ್."

"ಯಾವ ಮಾಸ್ತರ ಶಿಕ್ಷಾ ಕೊಟ್ಟಾನೋ ಏನೋ," ಎಂದ ಮಲ್ಲಪ್ಪ. ಮೂವರೂ ನಕ್ಕೆವು. ನಾನು ಆಫೀಸಿಗೆ ಫೋನ್ ಹಚ್ಚಿದೆ. ಸಾಹೇಬರು ಎತ್ತಲಿಲ್ಲ. ನೀರು ಗೇಟಿನ ಹಿಂದೆ ಏರುತ್ತಿತ್ತು, ಕಾಲುವೆಯ ದಂಡೆ ಹಸಿಯಾಗತೊಡಗಿತ್ತು. ಮಲ್ಲಪ್ಪ ಎಂದಿನಂತೆ ಮೋಟಾರಿನ ಗುಂಡಿ ಆರಿಸಿ, ಹ್ಯಾಂಡಲ್ ಸಿಕ್ಕಿಸಿ, ಕೈಯಿಂದ ತಿರುವಲು ನಿಂತ. ಆ ಗುಂಡಿ ಕರೆಂಟು ಕಡಿಯುತ್ತಿರಲಿಲ್ಲ, ಮೋಟಾರು ತಿರುಗಿಸಬೇಡ ಎಂದು ಪೆಟ್ಟಿಗೆಗೆ ಹೇಳುತ್ತಿತ್ತು ಅಷ್ಟೇ; ಮೊದಲೆಲ್ಲ ಅದನ್ನು ಆರಿಸಿದರೆ ಪೆಟ್ಟಿಗೆ ಸುಮ್ಮನಿರುತ್ತಿತ್ತು. ಈಗ ಅದು ಮತ್ತೆ ಬಿದ್ದು ಹೊಸದಾಗಿ ಎದ್ದಿತ್ತು. ಗುಂಡಿ ಆರಿದ್ದು ಅದರ ನೆನಪಿನಲ್ಲಿರಲಿಲ್ಲ. ಮೋಟಾರು ತಾನಾಗಿಯೇ ತಿರುಗಿತು. ಹ್ಯಾಂಡಲ್ ಅವನ ಕೈಯಿಂದ ಕಿತ್ತುಕೊಂಡು ಸುತ್ತಿ ಬಂದು ಮುಂಗೈಗೆ ಬಡಿಯಿತು. ಅವನು ಕೂಗಲಿಲ್ಲ, ಕೈಯನ್ನು ಎದೆಗವಚಿಕೊಂಡು ನೆಲಕ್ಕೆ ಕೂತ. "ಎಲುಬು ಮುರದದ್ರಿ," ಎಂದ, ಬೇರೆ ಯಾರದ್ದೋ ಎಲುಬಿನ ವಿಷಯ ಹೇಳುವವನಂತೆ.

ಖಾದರ್ ಭಾಯ್ ಪೆಟ್ಟಿಗೆಯ ತಂತಿಯನ್ನು ಕೈಯಿಂದಲೇ ಕಿತ್ತರು. ಮಲ್ಲಪ್ಪನನ್ನು ನಮ್ಮ ಗಾಡಿಯಲ್ಲಿ ಸುರಪುರದ ಆಸ್ಪತ್ರೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅವನು ಒಂದೇ ಮಾತು ಕೇಳುತ್ತಿದ್ದ: "ಗೇಟಿನ ಹತ್ತಿರ ಯಾರಿಗಿ ಬಿಟ್ಟು ಬಂದ್ರಿ?"

ಮುಂದಿನ ವಾರ ಅದೇ ಮೇಜು, ಅದೇ ನಾಲ್ಕು ಮಂದಿ. ಮನುಷ್ಯನ ಕೈ ಮುರಿದಿತ್ತು. ವರದಿಯಲ್ಲಿ ಕಾರಣ ಬರೆಯಬೇಕಿತ್ತು, ಕಾರಣದ ಎದುರು ಒಂದು ಹೆಸರು.

"ಬದಲಾವಣೆ ಯಾರ ಹೆಸರಲ್ಲಿದೆ?" ಎಂದರು ರಘುವೀರ ಸಾಹೇಬರು.

"ಬರದಾಕಿ ಆಕಿ. ಬರಸಿದವ್ರು ನೀವ್ರಿ," ಎಂದೆ.

"ಬರೆಸಿದೆ ಅನ್ನೋದಕ್ಕೆ ಏನಿದೆ?"

ರೇಣುಕಾ ತಲೆಯೆತ್ತಿದಳು. "ಸರ್, ನೀವು ನನ್ನ ಕುರ್ಚಿ ಹಿಂದ ನಿಂತು ಅಕ್ಷರ ಅಕ್ಷರ ಹೇಳೀರಿ. ನಿಮ್ಮ ಉಸಿರು ನನ್ನ ಕಿವಿಗಿ ಬಡೀತಿತ್ತು."

"ಬೇಡ ಅನ್ನಿಸಿದ್ದರೆ ಬರೆಯಬಾರದಿತ್ತು. ಓದಿದವಳಲ್ವಾ ನೀನು?"

ಖಾದರ್ ಭಾಯ್ ಎದ್ದು ಹೊರಗೆ ಹೋದರು. ಹೋಗುವಾಗ ಬಾಗಿಲನ್ನು ಹಾಕಿದ ಸದ್ದು ಕೆಳಗಿನ ಬಟ್ಟೆ ಅಂಗಡಿಗೂ ಕೇಳಿರಬೇಕು. ನಾನು ಹೈದರಾಬಾದಿಗೆ ಬರೆದೆ, ನಡೆದದ್ದನ್ನು ನಡೆದಂತೆ. ವಿಷಯ ಮುಗಿದಿದೆ ಎಂದು ಅಲ್ಲಿಂದ ಉತ್ತರ ಬಂತು. ರೇಣುಕಾಳ ಕಾಯಂ ಆರ್ಡರನ್ನು ಯಾರೂ ಹರಿದು ಹಾಕಲಿಲ್ಲ. ಸಹಿ ಹಾಕಲಿಲ್ಲ, ಅಷ್ಟೇ. ಅವಧಿ ಮುಗಿದ ದಿನ ಅವಳು ತನ್ನ ಡಬ್ಬಿ, ನೀರಿನ ಬಾಟಲಿ ಎತ್ತಿಕೊಂಡು ಮೆಟ್ಟಿಲಿಳಿದಳು.

ಆ ಹಂಗಾಮಿನಲ್ಲಿ ಗೇಟುಗಳು ನಡೆದದ್ದು ಯಾರ ಕೋಡಿನ ಮೇಲೆ? ಅವಳದರ ಮೇಲೆಯೇ. 'ಪ್ಯಾಕ್ಡ್' ಪದವನ್ನು ನಾನೇ ಕಿತ್ತು, ಅವಳು ಅರ್ಧ ಮಾಡಿಟ್ಟಿದ್ದ ಪ್ರತಿಯನ್ನೇ ಎಲ್ಲ ಪೆಟ್ಟಿಗೆಗಳಿಗೂ ಹಾಕಿದೆ. ಒಂದೂ ಮಲಗಲಿಲ್ಲ. ಸಾಹೇಬರು ಮುಖ್ಯ ಆಫೀಸಿನವರಿಗೆ ಉಳಿದ ಮೆಮೊರಿಯ ಅಂಕಿ ತೋರಿಸಿದರು, ಅವರು ಚಪ್ಪಾಳೆ ತಟ್ಟಿದರು. ನಾನೂ ಆ ಕೋಣೆಯಲ್ಲಿದ್ದೆ. ನನ್ನ ಕೈಗಳು ಮೇಜಿನ ಕೆಳಗಿದ್ದವು.

ರೇಣುಕಾಗೆ ಹೈದರಾಬಾದಿನಲ್ಲಿ ಎರಡು ಕಡೆ ಕೆಲಸ ಕೈಗೆ ಬಂದು ತಪ್ಪಿತು. ಹಿಂದಿನ ಕಂಪನಿಯನ್ನು ವಿಚಾರಿಸುತ್ತಾರೆ. ವಿಚಾರಿಸಿದರೆ ಆ ವರದಿ ಹೊರಬರುತ್ತದೆ. ಕೊನೆಗೆ ಶಹಾಪುರದ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಲು ಸೇರಿದಳು.

ನನ್ನ ನಿವೃತ್ತಿ ಹತ್ತಿರ ಬಂದಾಗ ಪೆಟ್ಟಿಗೆಗಳಿಗೆ ಇನ್ನೊಂದು ಕೆಲಸ ಸೇರಿಸಬೇಕಾಯಿತು. ಜಾಗವಿರಲಿಲ್ಲ. ಉಳಿದರ್ಧ ಸ್ಟ್ರಕ್ಚರುಗಳನ್ನು ಜೋಡಿಸಿದರೆ ಆಗುತ್ತಿತ್ತು, ನನ್ನ ಕಣ್ಣುಗಳು ಆ ಕೆಲಸಕ್ಕೆ ಸಾಲುತ್ತಿರಲಿಲ್ಲ. ರಘುವೀರ ಸಾಹೇಬರೇ ನನ್ನ ಕುರ್ಚಿಯ ಬಳಿ ಬಂದು, "ಆ ಹುಡುಗಿನ ಕೇಳಿ ನೋಡಿ. ಈ ಸಲ ಕಾಯಂ ಅಂತಲೇ ತೊಗೋತೀವಿ," ಎಂದರು.

ನಾನು ಬಸ್ಸು ಹತ್ತಿ ಶಹಾಪುರಕ್ಕೆ ಹೋದೆ. ರೇಣುಕಾ ಕಾಲೇಜಿನ ಜಗಲಿಯ ಮೇಲೆ ಕುರ್ಚಿ ಹಾಕಿಸಿ, ಚಹಾ ಕೊಡಿಸಿ, ಪೂರ್ತಿ ಕೇಳಿದಳು. ಮೊದಲು ಕೇಳಿದ್ದು ಮಲ್ಲಪ್ಪನ ಕೈ. "ಮಳಿಗಾಲದಾಗ ನೋಯ್ತದಂತ," ಎಂದೆ.

"ಬರ್ತೀನ್ರಿ ಸರ್. ಒಂದ ಮಾತು. ಆ ವರದ್ಯಾಗ ತಪ್ಪು ನಂದಲ್ಲಂತ ಬರೀಬೇಕು. ಕಾಯಂ ಮಾಡದಿದ್ರೂ ನಡೀತದ."

ಸಾಹೇಬರು ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದಕ್ಕೆ ನನಗೆ ಸಂಶಯ ಬರಬೇಕಿತ್ತು, ಬದಲಿಗೆ ಖುಷಿಯಾಯಿತು. ತಿದ್ದಿದ ವರದಿ ಬಂತು. ಅದನ್ನು ಹಿಡಿದು ಮತ್ತೆ ಶಹಾಪುರಕ್ಕೆ ಹೋದೆ. ಅವಳು ನಿಂತೇ ಓದಿದಳು. 'ರೇಣುಕಾ ಅವರು ಮಾಡಿದ ಬದಲಾವಣೆಯಿಂದ' ಎಂದಿದ್ದಲ್ಲಿ ಈಗ 'ಮಾಜಿ ಸಿಬ್ಬಂದಿಯೊಬ್ಬರು ಮಾಡಿದ ಬದಲಾವಣೆಯಿಂದ' ಎಂದಿತ್ತು. ಉಳಿದ ಒಂದಕ್ಷರವೂ ಅಲುಗಿರಲಿಲ್ಲ.

"ಹೆಸರು ತಗದಾರ್ರಿ ಸರ್. ತಪ್ಪು ನನಗ ಬಿಟ್ಟಾರ," ಎಂದಳು. ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟಳು. ಗಂಟೆ ಹೊಡೆಯಿತು, ತರಗತಿಗೆ ಹೋದಳು.

ಯಾದಗಿರಿಗೆ ಮರಳಿ ಕೋಡು ತೆರೆದು ನೋಡಿದೆ. ಅಲ್ಲಿಯೂ ಕೈಯಾಡಿಸಿದ್ದರು. ಅರವತ್ನಾಲ್ಕರ ಸಾಲು ಬಿಚ್ಚಿದ್ದು, ನಲವತ್ತನ್ನು ಮೂವತ್ತೆರಡಕ್ಕಿಳಿಸಿದ್ದು, ಅವಳ ಹೆಸರಿದ್ದ ಪ್ರತಿಯೊಂದು ಬದಲಾವಣೆಯ ಎದುರಿಗೂ ಈಗ 'ಮಾಜಿ ಸಿಬ್ಬಂದಿ' ಎಂದಿತ್ತು. ತಪ್ಪು ತೆಗೆಯಿರಿ ಎಂದರೆ ಹೆಸರನ್ನೇ ಎಲ್ಲ ಕಡೆಯೂ ತೆಗೆದಿದ್ದರು. ಯಾರು ಮಾಡಿದ್ದು ಎಂದು ಕೇಳಿದರೆ, ನಿಯಮ ಎಂದರು.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಖಾಲಿ ಬೈಟುಗಳನ್ನು ಹುಡುಕುವುದು ಕಷ್ಟದ ಕೆಲಸವಲ್ಲ, ತಾಳ್ಮೆ ಇದ್ದರೆ ಬರುತ್ತದೆ. ನಿಮ್ಮ ಕುರ್ಚಿಯ ಹಿಂದೆ ಯಾರಾದರೂ ಬಂದು ನಿಂತರೆ ಮಾತ್ರ ನಿಮ್ಮ ಲಾಗಿನ್ ಮುಚ್ಚಿ, ಎದ್ದು ನಿಂತು, ಕುರ್ಚಿಯನ್ನು ಅವರಿಗೇ ಕೊಟ್ಟುಬಿಡಿ.

ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಹಳೆಯ ಪೆಟ್ಟಿಗೆಗಳಲ್ಲಿ ಜಾಗ ಮಾಡುವವರು ಇಲ್ಲವೆಂದು ಕಂಪನಿ ಹೊಸ ಪೆಟ್ಟಿಗೆಗಳನ್ನೇ ಮಾಡಿಸಿತು. ಹಳೆಯವು ಕಡೇಚೂರಿನ ಗೋದಾಮಿಗೆ ಹೋದವು ಎಂದು ಖಾದರ್ ಭಾಯ್ ಹೇಳಿದರು. ಹೊಸದರಲ್ಲಿ ಮೆಮೊರಿ ಬಹಳ ಇತ್ತು. ಉಳಿಸುವ ಅಗತ್ಯವಿಲ್ಲವೆಂದು ಅದರ ಕರ್ನಲ್ಲನ್ನು ಹೈದರಾಬಾದಿನ ಆ ಮೊದಲ ಪ್ರತಿಯಿಂದಲೇ ಕಟ್ಟಿದ್ದರು.

ಕಳೆದ ಬೇಸಗೆಯಲ್ಲಿ ಯಾದಗಿರಿ ಆಫೀಸಿನಿಂದ ನಾಗರಾಜ ಎಂಬ ಹೊಸ ಇಂಜಿನಿಯರ್ ಫೋನ್ ಮಾಡಿದ. ನನ್ನ ನಂಬರನ್ನು ಖಾದರ್ ಭಾಯ್ ಕೊಟ್ಟಿದ್ದರು.

"ಸರ್, ಹೊಸಾ ಪೆಟ್ಟಿಗಿನೂ ನಿಲ್ಲಾಕತ್ತಾವ್ರಿ. ಎಲ್ಲಾ ಗೇಟಿನ ಸಂದೇಶ ಕೂಡಿದ್ರ ಮೆಮೊರಿ ಸಾಲವಲ್ದು. ಇಲ್ಲೊಂದು ಸಾಲು ಅದ, ಪ್ರತಿಯೊಂದೂ ಅರವತ್ನಾಲ್ಕರ ಮ್ಯಾಲ ಕುಂದರ್ಬೇಕಂತ. ಯಾಕಂತ ಇಲ್ಲಿ ಯಾರಿಗೂ ಗೊತ್ತಿಲ್ರಿ."

"ರೇಣುಕಾಗ ಕೇಳಪಾ. ಹಳೀ ಪೆಟ್ಟಿಗ್ಯಾಗ ಆಕಿ ಅದನ್ನ ತಗದಿದ್ದಳು."

ಅವನು ಕೀಲಿಮಣೆ ಒತ್ತುವ ಸದ್ದು ಕೇಳಿಸಿತು.

"ಆ ಹೆಸರಿನವ್ರು ಹಳೀ ಕೋಡಿನಾಗೂ ಎಲ್ಲೂ ಇಲ್ಲಲ್ರಿ ಸರ್."

ಶಹಾಪುರದ ಕಾಲೇಜಿನ ವಿಳಾಸ ಹೇಳಿದೆ. ಬರೆದುಕೊಂಡ. ಹೆಸರು ಇನ್ನೊಮ್ಮೆ ಹೇಳ್ರಿ ಎಂದ. ಹೇಳಿದೆ.